ಮುಂದಕ್ಕೆ ಹಾಕಿದ್ದ ಬಾಣ

ನಂಜನಗೂಡು
ಗುರುವಾರ, 21-11-2024

ಚಿ. ರಂಜಿನಿಗೆ,

ಅದಲ್ಲ ಮಗಳೇ, ನಾನು ಹೇಳಲು ಹೊರಟಿದ್ದೇ ಬೇರೆ. ನಿನ್ನೆ ನೀನು, "ಸರಿ ಬಿಡಪ್ಪ, ಸೋಮವಾರ ಆಗಲ್ಲ ಅಂತ ಹೇಳ್ಬಿಡ್ತೀನಿ, ನಂಗೂ ಆ ಸೈನ್ಸಿಗೂ ಆಗಿಬರಲ್ಲ" ಅಂದು ಫೋನಿಟ್ಟುಬಿಟ್ಟೆ. ಹಿಂದೆ ಕುಕ್ಕರ್ ಕೂಗುತ್ತಿತ್ತು, ನಿನಗೂ ಅವಸರ. ನಾನು "ಹೂಂ" ಅಂದದ್ದನ್ನು ನೀನು ಒಪ್ಪಿಗೆ ಅಂದುಕೊಂಡಿರುತ್ತೀಯ. ಅದು ಒಪ್ಪಿಗೆಯಲ್ಲ. ಹೇಳಬೇಕಾಗಿದ್ದ ಮಾತು ಇಷ್ಟು: ಸೋಮವಾರ ಆಶಾರಾಣಿ ಮೇಡಮ್ಮಿಗೆ ಇಲ್ಲ ಅನ್ನಬೇಡ. ಆ ವಿಜ್ಞಾನದ ತರಬೇತಿಗೆ ನಿನ್ನ ಹೆಸರು ಕೊಡು. ಯಾಕೆ ಅನ್ನುವುದು ಉದ್ದ ಇದೆ, ಅದಕ್ಕೇ ಈ ಕಾಗದ.

ಕ್ಷೇಮ ಸಮಾಚಾರ ಮೊದಲು ಬರೆಯಬೇಕಿತ್ತು, ಮರೆತೆ. ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಒಂದು ಸಾಲು ಕಲಿಸಿದ್ದರು, "ಐ ಆಮ್ ಇನ್ ದಿ ಪಿಂಕ್ ಆಫ್ ಹೆಲ್ತ್ ಅಂಡ್ ಹೋಪ್ ದಿಸ್ ಲೆಟರ್ ಫೈಂಡ್ಸ್ ಯೂ" ಅಂತ. ಎಲ್ಲಿ ಫೈಂಡ್ಸ್ ಅನ್ನುವುದು ಮರೆತುಹೋಗಿದೆ. ಪಿಂಕ್ ಅಂತೂ ಇಲ್ಲ, ಎಡಗಡೆ ಮಂಡಿ ಬೆಳಿಗ್ಗೆ ಎದ್ದಾಗ ಮಾತು ಕೇಳುವುದಿಲ್ಲ, ಹತ್ತು ಹೆಜ್ಜೆ ಹಾಕಿದ ಮೇಲೆ ಒಪ್ಪಿಕೊಳ್ಳುತ್ತದೆ. ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಸಾರಿಗೆ ಉಪ್ಪು ಎಷ್ಟು ಅನ್ನುವುದು ನಿಮ್ಮವ್ವ ಹೋಗಿ ಎರಡು ವರ್ಷವಾದರೂ ನನಗೆ ಕೈಗೆ ಹತ್ತಿಲ್ಲ. ಬರೆಯುವುದು ತಡವಾಯಿತು ಅಂತ ಕ್ಷಮೆ ಕೇಳುವುದು ಪದ್ಧತಿ. ನನ್ನದು ಒಂದು ವಾರ, ಒಂದು ತಿಂಗಳ ತಡ ಅಲ್ಲ. ಮುಂದೆ ಓದಿದರೆ ಗೊತ್ತಾಗುತ್ತದೆ.

ಫೋನಿನಲ್ಲಿ ಯಾಕೆ ಹೇಳಬಾರದು ಅಂತ ನೀನು ಕೇಳಬಹುದು. ಒಂದು ಚಿತ್ರ ಬಿಡಿಸಬೇಕು, ಅದರಲ್ಲಿ ಬಾಣ ಹಾಕಬೇಕು, ಫೋನಿನಲ್ಲಿ ಬಾಣ ಹಾಕಲು ಬರುವುದಿಲ್ಲ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ನೀನು ಒಂದು ಹೆಬ್ಬೆರಳು ಕಳಿಸಿ ಸುಮ್ಮನಾಗುತ್ತೀಯ. ನಿನ್ನ ತಪ್ಪಲ್ಲ. ನಮ್ಮಿಬ್ಬರ ಮಧ್ಯೆ "ಊಟ ಆಯ್ತಾ", "ಮಾತ್ರೆ ತಗೊಂಡ್ರಾ" ಬಿಟ್ಟು ಬೇರೆ ಮಾತು ಬಹಳ ವರ್ಷದಿಂದ ಇಲ್ಲ.

ಹೋದ ಭಾನುವಾರ ನರಸೀಪುರಕ್ಕೆ ನಿಮ್ಮ ಮನೆಗೆ ಬಂದಿದ್ದೆನಲ್ಲ, ಅಲ್ಲಿಂದ ಶುರು ಮಾಡುತ್ತೇನೆ. ಅಳಿಯಂದಿರು ಬಾಳೆಎಲೆ ತರಲು ಹೋಗಿದ್ದರು. ನಿಮ್ಮ ಹೆಡ್‌ಮಿಸ್ ಆಶಾರಾಣಿ ತಲಕಾಡಿನಿಂದ ಬರುತ್ತಾ ದಾರಿಯಲ್ಲಿ ಇಳಿದು ನಿನ್ನನ್ನು ಒಪ್ಪಿಸಲು ಕೂತಿದ್ದರು. ವಿಜ್ಞಾನದ ಮೇಷ್ಟ್ರಿಗೆ ವರ್ಗವಾಗಿದೆ, ಏಳು ಎಂಟನೆಯ ತರಗತಿಗೆ ಯಾರೂ ಇಲ್ಲ, ತರಬೇತಿಗೆ ಸೋಮವಾರದೊಳಗೆ ಒಂದು ಹೆಸರು ಕಳಿಸಬೇಕು ಅಂತ.

"ನಿನ್ ಬಿಟ್ರೆ ಯಾರಿಗಮ್ಮ ಹೇಳ್ಲಿ? ಪಿಯುಸೀಲಿ ಸೈನ್ಸ್ ಓದಿರೋಳು ನೀನೊಬ್ಳೇ" ಅಂದರು.

ನೀನು ನಗುತ್ತಾ ಕಾಫಿ ಲೋಟ ಮುಂದಿಟ್ಟೆ. "ಓದಿದ್ದೆ ಮೇಡಮ್, ತಲೆಗೆ ಹೋಗ್ಲಿಲ್ಲ. ಫಿಸಿಕ್ಸ್‌ನಲ್ಲಿ ನಾನು ದಡ್ಡಿ. ಬೇಕಾದ್ರೆ ನಮ್ಮಪ್ಪನ್ನೇ ಕೇಳಿ, ಸರ್ಟಿಫಿಕೇಟ್ ಕೊಟ್ಟೋರೇ ಅವ್ರು."

ಆಶಾರಾಣಿಯವರು ನನ್ನ ಕಡೆ ತಿರುಗಿ, "ಹೌದಾ ಸರ್?" ಅಂದರು.

ನಾನೂ ನಕ್ಕೆ ರಂಜಿನಿ. ನಂಜನಗೂಡಿನ ಬಸ್ಸು ಹತ್ತಿದ ಮೇಲೂ ಆ ನಗು ಮುಖದಲ್ಲಿ ಒಣಗಿದ ಸಾಬೂನಿನ ಹಾಗೆ ಬಿಗಿದುಕೊಂಡಿತ್ತು.

ಅವತ್ತಿನ ಸಂಜೆ ನಿನಗೆ ನೆನಪಿದೆ ಅಂತ ಗೊತ್ತು. ಆದರೂ ಬರೆಯುತ್ತೇನೆ. 2006ರ ಜನವರಿ. ರೈಲ್ವೆ ಗೇಟಿನ ಹತ್ತಿರದ ಬಾಡಿಗೆ ಮನೆ. ನೀನು ಮೊದಲನೇ ಪಿಯುಸಿ. ನಾನು ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಕೆಲಸ ಮುಗಿಸಿ ಆರು ಗಂಟೆಗೆ ಬಂದು, ಕೈಕಾಲು ತೊಳೆದು, ಕೆಂಪು ಪೆನ್ನು ಹಿಡಿದು ನಿನ್ನ ಮುಂದೆ ಕೂರುತ್ತಿದ್ದೆ. ದಿನಕ್ಕೆ ಐದು ಲೆಕ್ಕ. ನೀನು ಮಾಡಬೇಕು, ನಾನು ತಿದ್ದಬೇಕು. ಅವತ್ತು ಐದನೆಯ ಲೆಕ್ಕ ಇದು: ನುಣುಪಾದ ನೆಲ. ಅದರ ಮೇಲೆ ಎಂಟು ಕೆಜಿಯ ಹಲಗೆ. ಹಲಗೆಯ ಮೇಲೆ ಎರಡು ಕೆಜಿಯ ಪೆಟ್ಟಿಗೆ. ಎರಡರ ನಡುವೆ ಘರ್ಷಣಾ ಗುಣಾಂಕ 0.4. ಪೆಟ್ಟಿಗೆ ಜಾರದ ಹಾಗೆ ಹಲಗೆಯನ್ನು ಹೆಚ್ಚೆಂದರೆ ಎಷ್ಟು ಬಲದಿಂದ ಎಳೆಯಬಹುದು?

ನೀನು ಪೆಟ್ಟಿಗೆಯನ್ನು ಬೇರೆ, ಹಲಗೆಯನ್ನು ಬೇರೆ ಬಿಡಿಸಿದ್ದೆ, ಫ್ರೀ ಬಾಡಿ ಡಯಾಗ್ರಾಮ್ ಅನ್ನುತ್ತಾರಲ್ಲ ಹಾಗೆ. ಹಲಗೆಯ ಮೈಮೇಲೆ ಘರ್ಷಣೆಯ ಬಾಣ ಹಿಂದಕ್ಕೆ. ಪೆಟ್ಟಿಗೆಯ ತಳದಲ್ಲಿ ಘರ್ಷಣೆಯ ಬಾಣ ಮುಂದಕ್ಕೆ. ಉತ್ತರ ನಲವತ್ತು ನ್ಯೂಟನ್.

"ಇದ್ಯಾಕೆ ಮುಂದಕ್ಕೆ?" ಅಂದೆ.

"ಪೆಟ್ಟಿಗೆ ಮುಂದಕ್ಕೆ ಹೋಗ್ತಿದೆಯಲ್ಲಪ್ಪ."

"ಅದಕ್ಕೇ ಘರ್ಷಣೆ ಹಿಂದಕ್ಕೆ. ಫ್ರಿಕ್ಷನ್ ಆಲ್ವೇಸ್ ಅಪೋಸಸ್ ಮೋಷನ್. ಎಷ್ಟ್ ಸಲ ಹೇಳಿದೀನಿ?"

"ಪೆಟ್ಟಿಗೇನ ಮುಟ್ಟಿರೋದು ಹಲಗೆ ಒಂದೇ ಅಪ್ಪ. ಹಲಗೇನೂ ಹಿಂದಕ್ಕೇ ತಳ್ಳಿದ್ರೆ ಅದನ್ನ ಮುಂದಕ್ಕೆ ಕರ್ಕೊಂಡು ಹೋಗೋರು ಯಾರು?"

"ಹಲಗೆ ಬಂದು ನಿನ್ ಕಿವೀಲಿ ಹೇಳ್ತೇನು, ಬಾ ಕರ್ಕೊಂಡು ಹೋಗ್ತೀನಿ ಅಂತ?"

ನೀನು ನಗಲಿಲ್ಲ. ಇನ್ನೊಂದು ಸಲ ಅದನ್ನೇ ಕೇಳಿದೆ. ಆಗ ನಾನು ಆ ಬಾಣದ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದೆ, ಹಾಳೆಯ ಆಚೆ ಬದಿಗೂ ಮೂಡುವ ಹಾಗೆ. "ದಡ್ಡಿ" ಅಂದೆ. "ನಿನ್ನ ಕೈಲಿ ಇಂಜಿನಿಯರಿಂಗ್ ಆಗೋದಲ್ಲ, ಇಟ್ಟಿಗೆ ಎಣಿಸೋದೂ ಆಗಲ್ಲ" ಅಂದೆ. ಅಷ್ಟಕ್ಕೂ ಬಿಡದೆ ಹಿಂದಕ್ಕೆ ಬಾಣ ಹಾಕಿದ ಪೆಟ್ಟಿಗೆಯನ್ನು ಐವತ್ತು ಸಲ ಬಿಡಿಸು ಅಂದೆ. ನೀನು ಬಿಡಿಸಿದೆ. ಅಳಲೂ ಇಲ್ಲ. ನಿಮ್ಮವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಒಳಗೆ ಹೋದಳು.

ಮಾರನೆಯ ದಿನದಿಂದ ನೀನು ಲೆಕ್ಕದ ಪುಸ್ತಕವನ್ನು ನನ್ನ ಮುಂದೆ ತರಲಿಲ್ಲ. ಕೇಳಿದರೆ "ಕಾಲೇಜಲ್ಲೇ ಮಾಡಿದೀವಿ" ಅನ್ನುತ್ತಿದ್ದೆ. ಪರೀಕ್ಷೆಯಲ್ಲಿ ಅಂಥದೇ ಒಂದು ಐದು ಅಂಕದ ಲೆಕ್ಕ ಬಂದಿತ್ತಂತೆ. ಹೊರಗೆ ಬಂದು ನೀನೇ ಹೇಳಿದೆ, "ಬಾಣ ಎಲ್ಲಿಗೆ ಹಾಕ್ಬೇಕೋ ಗೊತ್ತಾಗ್ಲಿಲ್ಲ, ಜಾಗ ಬಿಟ್ಟು ಬಂದೆ" ಅಂತ. ಐದು ಅಂಕದಿಂದ ಯಾರ ಬದುಕೂ ಮುರಿಯುವುದಿಲ್ಲ, ಅದು ನನಗೂ ಗೊತ್ತು. ಆದರೆ ನೀನು ಆ ಒಂದು ಲೆಕ್ಕ ಬಿಟ್ಟು ಬಂದವಳು ಹಾಗೆಯೇ ಎಲ್ಲವನ್ನೂ ಬಿಟ್ಟೆ. ಮುಂದಿನ ವರ್ಷ ಸಿಇಟಿಗೆ ಅರ್ಜಿ ತಂದುಕೊಟ್ಟರೆ ತುಂಬಲಿಲ್ಲ. "ನಂಗೆ ಫಿಸಿಕ್ಸ್ ಬರಲ್ಲ" ಅಂದು ಡಿ.ಎಡ್. ಸೇರಿದೆ. ಒಳ್ಳೆಯ ಟೀಚರ್ ಆದೆ, ಊರಿನವರು ಹೇಳುತ್ತಾರೆ, ಕೇಳಿದಾಗ ಸಂತೋಷವಾಗುತ್ತದೆ. ಆದರೆ ನೀನು ಆರಿಸಿಕೊಂಡು ಹೋದ ದಾರಿ ಅದಲ್ಲ, ನಾನು ಅಟ್ಟಿದ ದಾರಿ.

ಅಪೋಸಸ್ ಮೋಷನ್ ಅನ್ನುವ ಆ ಇಂಗ್ಲಿಷ್ ಸಾಲು ನನಗೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ, ತಪ್ಪಿಸಿಕೊಳ್ಳಲು ಅಲ್ಲ. 1978ರಲ್ಲಿ ನಾನು ಹೆಡತಲೆಯಿಂದ ಮೈಸೂರಿಗೆ ಬಿ.ಎಸ್ಸಿ.ಗೆ ಹೋದೆ. ಕನ್ನಡದಲ್ಲಿ ಓದಿದವನು, ಕೇರಿಯಿಂದ ಬಂದ ಹಾಸ್ಟೆಲ್ ಹುಡುಗ. ಮೇಷ್ಟ್ರು "ಕಾಂಟ್ಯಾಕ್ಟ್ ಫೋರ್ಸ್ ಅಂದ್ರೆ ಒಂದನ್ನೊಂದು ಮುಟ್ಟಿದರೆ ಮಾತ್ರ ಹುಟ್ಟುವ ಬಲ" ಅಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾಕೆ ನಕ್ಕರು ಅಂತ ನನಗೂ ಪಕ್ಕದಲ್ಲಿದ್ದ ನಮ್ಮ ಹಾಸ್ಟೆಲಿನ ನಟರಾಜನಿಗೂ ಗೊತ್ತಿತ್ತು. ನಾವಿಬ್ಬರೂ ಪುಸ್ತಕ ನೋಡುತ್ತಾ ಕೂತೆವು. ಅದೇ ವಾರ ಮೇಷ್ಟ್ರು ನನ್ನನ್ನು ಬೋರ್ಡಿಗೆ ಕರೆದರು. ನೆಲದ ಮೇಲೆ ತಳ್ಳಿಬಿಟ್ಟ ಮರದ ತುಂಡು ಜಾರುತ್ತಿದೆ, ಘರ್ಷಣೆಯ ಬಾಣ ಹಾಕು ಅಂದರು. ನಾನು ಅವಸರದಲ್ಲಿ ಮುಂದಕ್ಕೆ ಹಾಕಿಬಿಟ್ಟೆ. ಇಡೀ ತರಗತಿ ನಕ್ಕಿತು. "ಅಪೋಸಸ್ ಮೋಷನ್, ಮಿಸ್ಟರ್ ರಾಜೇಂದ್ರ. ಸರ್ಕಾರ ಅನ್ನ ಹಾಕೋದು ನಿದ್ದೆ ಮಾಡೋಕಲ್ಲ" ಅಂದರು. ಅವರು ಕೊಟ್ಟ ಲೆಕ್ಕಕ್ಕೆ ಅವರ ಮಾತು ಸರಿಯೇ. ಎಲ್ಲ ಲೆಕ್ಕಕ್ಕೂ ಅದೇ ಅಂತ ಮಾಡಿಕೊಂಡವನು ನಾನು. ಕಾಲೇಜಿನಿಂದ ನಾನು ಹೊತ್ತು ತಂದದ್ದು ಅದೊಂದೇ. ಫಿಸಿಕ್ಸಿನಲ್ಲಿ ಎರಡು ಸಲ ಫೇಲಾಗಿ ಊರಿಗೆ ಬಂದೆ. ಕೇರಿಯಲ್ಲಿ ಮಾತ್ರ "ಬಿಎಸ್ಸಿ ರಾಜೇಂದ್ರ" ಅಂತಲೇ ಕರೆದರು. ಮುಗಿಸಿಲ್ಲ ಅಂತ ನಾನೂ ತಿದ್ದಲಿಲ್ಲ.

ಈಗ ಮೊನ್ನೆಯ ವಿಷಯಕ್ಕೆ ಬರುತ್ತೇನೆ. ರಿಟೈರಾದರೂ ಸೋಮವಾರ, ಗುರುವಾರ ನಾನು ಮಿಲ್ಲಿನ ಹತ್ತಿರ ಹೋಗಿ ವೇಬ್ರಿಡ್ಜಿನ ಪಕ್ಕದ ಕಲ್ಲಿನ ಮೇಲೆ ಕೂರುತ್ತೇನೆ. ಈ ಸೋಮವಾರ, ನಿಮ್ಮ ಮನೆಯಿಂದ ಬಂದ ಮಾರನೆಯ ದಿನ, ಕರಿಯಯ್ಯ ಟ್ರ್ಯಾಕ್ಟರ್ ತಂದಿದ್ದ. ಕಳಲೆಯವನು, ನಿನಗೆ ಗೊತ್ತಿಲ್ಲ. ಭತ್ತ ಇಳಿಸಿ ಹಿಂದಕ್ಕೆ ಹೊರಟಾಗ ಟ್ರೈಲರಿನಲ್ಲಿ ನಾಲ್ಕೇ ತೌಡಿನ ಮೂಟೆ, ಹಗ್ಗ ಇಲ್ಲ, ಹಿಂದಿನ ಬಾಗಿಲೂ ಇಲ್ಲ.

"ಕಟ್ಟಲ್ವೇನೋ? ಬಿದ್ದೋಗ್ತವೆ" ಅಂದೆ.

"ಯಾಕ್ ಬಿದ್ದಾವು ಸಾ? ನಿಧಾನುಕ್ ಎತ್ತುದ್ರೆ ಮೂಟೆ ಜೊತೇಲೇ ಬತ್ತವೆ. ಒಂದೇ ಸಲ ಜರ್ಕ್ ಒಡುದ್ರೆ ಮಾತ್ರ ಗಾಡಿ ಮುಂದುಕ್ ಓಯ್ತದೆ, ಮೂಟೆ ಇಂದುಕ್ ಉಳ್ಕತ್ತವೆ."

ಯಾಕೋ ಗೊತ್ತಿಲ್ಲ, ನಾನು ಕೇಳಿದೆ, "ಮೂಟೇನ ಮುಂದಕ್ಕೆ ಎಳೀತಿರೋರು ಯಾರು ಹೇಳು?"

ಅವನು ನನ್ನ ಮುಖ ನೋಡಿದ, ತಲೆ ನೆಟ್ಟಗಿದೆಯೋ ಇಲ್ಲವೋ ಅಂತ. "ಟ್ರೈಲರ್ ತಳ ಸಾ, ಇನ್ಯಾರು? ಅದೇ ಇಡ್ಕಂಡ್ ಓಗದು. ತಳುಕ್ಕೆ ಬೆಣ್ಣೆ ಬಳುದ್ಬುಟ್ಟಿದ್ರೆ ಟ್ರೈಲರ್ ಕಳಲೆ ಸೇರಿರದು, ಮೂಟೆ ಇಲ್ಲೇ ನಿಮ್ ಪಕ್ಕ ಕುಂತಿರದು." ಆಮೇಲೆ ಗೇರ್ ಹಾಕುತ್ತಾ, "ಮೂವತ್ ವರ್ಷ ತೂಕ ಆಕುದ್ರಿ, ಮೂಟೆ ಎಂಗ್ ಬತ್ತವೆ ಅಂತ ಒಂದಿನಾನೂ ನೋಡ್ಲಿಲ್ವಾ ಸಾ?" ಅಂದು ಹೋದ.

ನೋಡಿರಲಿಲ್ಲ. ನಾನು ನೋಡುತ್ತಿದ್ದದ್ದು ತೂಕದ ಮುಳ್ಳನ್ನು ಮಾತ್ರ.

ಮನೆಗೆ ಬಂದು ಚಪಾತಿ ಮಣೆ ತೆಗೆದೆ. ಅದರ ಮೇಲೆ ಬೆಂಕಿಪೊಟ್ಟಣ ಇಟ್ಟು ಮೆಲ್ಲಗೆ ಎಳೆದೆ. ಬಂತು. ಜೋರಾಗಿ ಎಳೆದೆ. ಹಿಂದೆ ಉಳಿಯಿತು. ಮಣೆಗೆ ಎಣ್ಣೆ ಸವರಿದೆ. ಮೆಲ್ಲಗೆ ಎಳೆದರೂ ಉಳಿಯಿತು. ಅರುವತ್ತಾರು ವರ್ಷದ ಗಂಡಸು ನೆಲದ ಮೇಲೆ ಕೂತು ಬೆಂಕಿಪೊಟ್ಟಣ ಎಳೆಯುವುದನ್ನು ಎದುರುಮನೆಯವರು ಕಿಟಕಿಯಿಂದ ನೋಡುತ್ತಿದ್ದರು. ನೋಡಲಿ. ಆಮೇಲೆ ಕರೆಂಟ್ ಬಿಲ್ಲಿನ ಬೆನ್ನ ಮೇಲೆ ನಿನ್ನ ಲೆಕ್ಕ ಮಾಡಿದೆ. ಕೆಳಗೆ ಚಿತ್ರ ಬಿಡಿಸಿದ್ದೇನೆ. ಹಲಗೆ ಪೆಟ್ಟಿಗೆಯನ್ನು ಮೇಲಕ್ಕೆ ಒತ್ತಿ ಹಿಡಿದಿರುವುದು, ಗುರುತ್ವ ಹತ್ತು ಅಂತ ಹಿಡಿದರೆ, ಇಪ್ಪತ್ತು ನ್ಯೂಟನ್, ನಾರ್ಮಲ್ ರಿಯಾಕ್ಷನ್. ಅದರಲ್ಲಿ 0.4 ಪಾಲು, ಅಂದರೆ ಎಂಟು ನ್ಯೂಟನ್, ಘರ್ಷಣೆ ಕೊಡಬಲ್ಲದ್ದು. ಆ ಎಂಟನ್ನು ಪೆಟ್ಟಿಗೆಯ ತಳದಲ್ಲಿ ಮುಂದಕ್ಕೆ ಹಾಕಿದೆ. ಎರಡು ಕೆಜಿಗೆ ಎಂಟು, ವೇಗೋತ್ಕರ್ಷ ನಾಲ್ಕು. ಹಲಗೆ, ಪೆಟ್ಟಿಗೆ ಒಟ್ಟು ಹತ್ತು ಕೆಜಿ, ನಾಲ್ಕರಂತೆ ನಲವತ್ತು. ನಲವತ್ತು ನ್ಯೂಟನ್ ರಂಜಿನಿ. ನೀನು ಬರೆದದ್ದೇ. ಘರ್ಷಣೆ ವಿರೋಧಿಸುವುದು ಚಲನೆಯನ್ನಲ್ಲ, ಒಂದರ ಮೇಲೊಂದು ಜಾರುವುದನ್ನು. ಬಿಟ್ಟು ಹೋಗಬೇಡ ಅಂತ ಹಿಡಿದುಕೊಳ್ಳುವುದು. ಹಿಡಿದುಕೊಂಡಾಗ ಒಬ್ಬರಿಗೆ ಅದು ಹಿಂದಕ್ಕೆ, ಇನ್ನೊಬ್ಬರಿಗೆ ಮುಂದಕ್ಕೆ. ಹದಿನೇಳು ವರ್ಷದ ನಿನಗೆ ಇದು ತಾನಾಗಿಯೇ ಹೊಳೆದಿತ್ತು. ನನಗೆ ತಿಳಿದದ್ದು ಮೊನ್ನೆ.

ಆದ್ದರಿಂದ ದಡ್ಡಿ ಅನ್ನುವ ಆ ಸರ್ಟಿಫಿಕೇಟನ್ನು ನಾನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. "ಐ ಬೆಗ್ ಟು ಸ್ಟೇಟ್" ಅಂತ ಅರ್ಜಿಯಲ್ಲಿ ಬರೆಯುತ್ತಿದ್ದೆವು, ಆಮೇಲೆ "ದಟ್ ದಿ ಎಬೌ ಮೆನ್ಷನ್ಡ್" ಅಂತ ಏನೋ ಬರುತ್ತಿತ್ತು. ನನಗೆ ಮುಂದಿನದು ನೆನಪಿಲ್ಲ, ಇಷ್ಟು ಸಾಕು. ಆ ಎಂಟನೆಯ ತರಗತಿಯ ಪುಸ್ತಕದಲ್ಲಿ ಘರ್ಷಣೆ ಅಂತಲೇ ಒಂದು ಪಾಠ ಇದೆಯಂತೆ, ಆಶಾರಾಣಿಯವರೇ ಅಂದರು. ಅದನ್ನು ನೀನು ಮಾಡಬೇಕು. ಮಕ್ಕಳು ಬಾಣ ತಪ್ಪಾಗಿ ಹಾಕಿದರೆ ಯಾಕೆ ಹಾಗೆ ಹಾಕಿದೆ ಅಂತ ಕೇಳುವವಳು ನೀನು, ನನಗೆ ಗೊತ್ತು. ಆ ಒಂದು ಮಾತನ್ನು ನಾನು ಅವತ್ತು ಕೇಳಿದೆ. ಆದರೆ ನೀನು ಕೊಟ್ಟ ಉತ್ತರ ಕೇಳಿಸಿಕೊಳ್ಳಲಿಲ್ಲ.

ಇನ್ನೂ ಬರೆಯುವುದಿತ್ತು, ಪಕ್ಕದ ಬೀದಿಯ ರಂಗನಾಯಕನ ಮಗಳ ಮದುವೆ ವಿಷಯ, ನಲ್ಲಿಯ ವಿಷಯ. ಆದರೆ ಅಕ್ಷರಗಳು ಒಂದರೊಳಗೊಂದು ಸೇರಿಕೊಳ್ಳುತ್ತಿವೆ. ಕನ್ನಡಕ ಒರೆಸಿದೆ, ಮಸುಕು ಕನ್ನಡಕದ್ದಲ್ಲ. ಹೊರಗೆ ಬೆಳಕು ಹೋಗುತ್ತಿದೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನೀನೂ ಮಕ್ಕಳೂ ಅಳಿಯಂದಿರೂ ಚೆನ್ನಾಗಿರಿ. ಹೆದರದೆ ಬಾಳು. ಜೈ ಭೀಮ್.

ನಿನ್ನ ಅಪ್ಪ,
ರಾಜೇಂದ್ರ

ಮತ್ತೆ: ಶುಕ್ರವಾರ ಬೆಳಿಗ್ಗೆ. ಪೋಸ್ಟಾಫೀಸಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಸ್ಪೀಡ್ ಪೋಸ್ಟಿಗೆ ಹಾಕಿದರೆ ನಾಳೆಯೇ ನಿನಗೆ ಸಿಗುತ್ತದಂತೆ. ಕವರಿಗೆ ಅಂಟು ಹಚ್ಚುವ ಮೊದಲು ಒಮ್ಮೆ ಓದಿಕೊಂಡೆ. "ನನಗೆ ತಿಳಿದದ್ದು ಮೊನ್ನೆ" ಅಂತ ಬರೆದಿದ್ದೇನೆ. ಅದು ಸುಳ್ಳು. ಹೇಗೆ ತಪ್ಪು ಅನ್ನುವುದು ತಿಳಿದದ್ದು ಮೊನ್ನೆ. ತಪ್ಪು ಅನ್ನುವುದು ಹದಿನೆಂಟು ವರ್ಷದಿಂದ ಗೊತ್ತಿತ್ತು.

ಆ ಸಂಜೆಯ ಮಾರನೆಯ ದಿನ ನೀನು ಕಾಲೇಜಿನಿಂದ ಬಂದು ಮಲಗಿದ್ದಾಗ ನಿಮ್ಮವ್ವ ನಿನ್ನ ನೋಟ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಿಮ್ಮ ಲೆಕ್ಚರರ್ ಶಿವಮೂರ್ತಿಯವರ ಮನೆಗೆ ಹೋಗಿದ್ದಳು. ಇಂಗ್ಲಿಷ್ ಅಕ್ಷರ ಬಾರದವಳು, ಯಾರ ಮನೆಯ ಬಾಗಿಲನ್ನೂ ತಾನಾಗಿ ತಟ್ಟದವಳು. ಅವರು ನನ್ನ ಕೆಂಪು ಗೀಟಿನ ಪಕ್ಕದಲ್ಲಿ ಹಸಿರು ಪೆನ್ನಿನಲ್ಲಿ ಸರಿ ಅಂತ ಗುರುತು ಹಾಕಿ, "ವೆರಿ ಗುಡ್" ಅಂತ ಬರೆದು ಕೊಟ್ಟಿದ್ದರು. ಆ ಹಾಳೆಯನ್ನು ನಾನು ಹರಿದು ನೀರೊಲೆಗೆ ಹಾಕಿದೆ. ನೀನು ಕೇಳಿದ್ದಕ್ಕೆ ಹಾಳೆ ಬಿಟ್ಟುಹೋಗಿತ್ತು ಅಂದೆ. ನಿಮ್ಮವ್ವ, "ನೀವೇ ಯೋಳ್ಬುಡ್ರಿ, ತಪ್ಪಾಯ್ತು ಅಂದ್ರೆ ಮಗ ನಿಮ್ಮನ್ನೇನ್ ತಿಂದಾಕ್ಬುಟ್ಟದಾ?" ಅಂದಳು. ನಾನು ಅವಳ ಕೈಯನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡು ನನ್ನಾಣೆ, ನೀನು ಹೇಳಕೂಡದು ಅಂದೆ. ನನ್ನ ಆಣೆಯನ್ನು ಅವಳು ಹದಿನಾರು ವರ್ಷ ಹೊತ್ತಳು. ಕೊನೆಯ ವಾರ ಆಸ್ಪತ್ರೆಯಲ್ಲಿ, "ಈಗಾದ್ರೂ ಯೋಳ್ಬುಡ್ರಿ" ಅಂದಳು. ಹೂಂ ಅಂದೆ.

ಅವಳನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ನೀನು ದೊಡ್ಡಮ್ಮನ ಹತ್ತಿರ, "ನಮ್ಮವ್ವ ಒಳ್ಳೇಳೇ. ಆದ್ರೆ ನನ್ ಪರ ಒಂದಿನಾನೂ ಬಾಯಿ ಬಿಡ್ಲಿಲ್ಲ" ಅಂದದ್ದನ್ನು ನಾನು ನಡುಮನೆಯಲ್ಲಿ ಕೂತು ಕೇಳಿಸಿಕೊಂಡೆ. ಎದ್ದು ಬರಲಿಲ್ಲ.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ, ಅದು ನಿನ್ನ ಇಷ್ಟ. ಅವಳ ಮೇಲಿನ ಸಿಟ್ಟನ್ನು ಮಾತ್ರ ಅವಳ ಮೇಲಿಂದ ತೆಗೆದುಬಿಡು. ಅವತ್ತು ಅವಳು ಬಾಗಿಲಿಗೆ ಬಂದವಳು ಚಪ್ಪಲಿಯನ್ನೂ ಬಿಡದೆ, ಏದುಸಿರಿನಲ್ಲಿ ಹೇಳಿದ ಮಾತು ನಿನಗೆ ಸೇರಬೇಕಾದದ್ದು. ಅದನ್ನು ಇಲ್ಲಿ ಬರೆದು ಕವರು ಮುಚ್ಚುತ್ತೇನೆ:

"ಮಗ ಎಲ್ಲಿ? ಎದ್ದೇಳ್ಸಿ. ಅವ್ಳು ಬರ್ದಿರದೇ ಸರಿಯಂತೆ ಕಣ್ರೀ. ಮೇಷ್ಟ್ರು ಮನೆತಾವಿಂದ ಓಡ್ಕಂಡೇ ಬಂದೆ."